ಹೊಸ ತಂತ್ರಾಂಶದಲ್ಲಿ ಮೊದಲ ಸರದಿ ಯಾರದು?

ಭೂದಾಖಲೆಯ ತಂತ್ರಾಂಶ ಬದಲಾದಾಗಲೆಲ್ಲ ಸರ್ಕಾರ ಒಂದು ಭರವಸೆ ಕೊಡುತ್ತದೆ: ಇನ್ನು ಜನ ಕಚೇರಿಗೆ ಅಲೆಯಬೇಕಾಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸಣ್ಣ ರೈತರ ಪಾಲಿಗೆ ಆ ಭರವಸೆ ಇನ್ನೂ ಈಡೇರಿಲ್ಲ. ದೂರೆಲ್ಲ ಸರ್ವರ್ ಮೇಲೆ ಬೀಳುತ್ತದೆ. ಆದರೆ ಮೂಲ ತಪ್ಪು ಇರುವುದು ಬೆಂಗಳೂರಿನ ಸಭೆಗಳಲ್ಲಿ. ಹೊಸ ಆವೃತ್ತಿ ಯಾರ ತೊಂದರೆಯನ್ನು ಮೊದಲು ಬಗೆಹರಿಸಬೇಕು, ಯಾರನ್ನು ಕಾಯಿಸಬಹುದು ಎಂದು ತೀರ್ಮಾನಿಸುವಾಗ ಕಾಯಲಾಗದವರೇ ಹಿಂದೆ ಬೀಳುತ್ತಿದ್ದಾರೆ.

ಈಚಿನ ವರ್ಷಗಳನ್ನೇ ನೋಡಿ. 2023ರಲ್ಲಿ ನೋಂದಣಿಗೆ ಕಾವೇರಿ 2.0 ಬಂತು. 2024ರ ಅಕ್ಟೋಬರ್‌ನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಅದಕ್ಕೆ ತುಸು ಮೊದಲು, ಸೆಪ್ಟೆಂಬರ್ ಕೊನೆಯಲ್ಲಿ, ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಬೀದಿಗಿಳಿದರು. ಲ್ಯಾಪ್‌ಟಾಪ್, ಕುರ್ಚಿ, ಮೇಜುಗಳಂಥ ಕನಿಷ್ಠ ಸೌಕರ್ಯವನ್ನೂ ಕೊಡದೆ ಒಂದರ ಮೇಲೊಂದು ಆ್ಯಪ್ ಹೇರಲಾಗಿದೆ ಎಂಬುದು ಅವರ ಮುಖ್ಯ ದೂರಾಗಿತ್ತು. ಈ ನಡುವೆ 2025ರ ಜನವರಿಯಲ್ಲಿ ಕಾವೇರಿ ತಂತ್ರಾಂಶವೇ ಕೈಕೊಟ್ಟು ನೋಂದಣಿ ಅಸ್ತವ್ಯಸ್ತವಾಯಿತು. ಸೈಬರ್ ದಾಳಿ ಕಾರಣ ಎಂದು ಸರ್ಕಾರ ಹೇಳಿತು. ಕಾರಣ ಏನೇ ಇರಲಿ, ಆ ದಿನಗಳಲ್ಲಿ ನೋಂದಣಿಗೆ ಬಂದವರಿಗೆ ಬೇರೆ ದಾರಿಯನ್ನೇ ಇಟ್ಟಿರಲಿಲ್ಲ.

ಇ-ಖಾತಾ ಬೇಕೇ ಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವುದು, ನಕಲಿ ಖಾತೆ ತೋರಿಸಿ ಕ್ರಯಪತ್ರ ಮಾಡಿಸುವುದು ನಿಲ್ಲಬೇಕಾದರೆ ನೋಂದಣಿ ಕಚೇರಿಯ ಕಂಪ್ಯೂಟರ್ ನೇರವಾಗಿ ಮೂಲ ದಾಖಲೆಯನ್ನೇ ನೋಡಬೇಕು. ಅದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಅದನ್ನು ಜಾರಿಗೆ ತಂದ ಕ್ರಮದ ಬಗ್ಗೆ.

ಪಹಣಿಯ 9ನೇ ಕಾಲಂನಲ್ಲಿ ತೀರಿಕೊಂಡ ತಾತನ ಹೆಸರೇ ಉಳಿದಿರುವ ಒಂದು ಕುಟುಂಬವನ್ನು ಎದುರಿಗಿಟ್ಟುಕೊಳ್ಳಿ. ಮೂವರು ಮಕ್ಕಳು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಹಿಪ್ಪುನೇರಳೆ, ರಾಗಿ ಬೆಳೆಯುತ್ತಿದ್ದಾರೆ. ಒಬ್ಬನಿಗೆ ಬ್ಯಾಂಕ್ ಸಾಲ ಬೇಕು. ಮೊದಲು ಪೌತಿ ಖಾತೆ, ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ. ಆಮೇಲೆ 11-ಇ ನಕ್ಷೆಗೆ ಅರ್ಜಿ, ಭೂಮಾಪಕರ ಸರದಿ, ವಿಭಾಗಪತ್ರ, ಮ್ಯುಟೇಷನ್, ಪೋಡಿ. ಪಹಣಿಯಲ್ಲಿ ಚಿಕ್ಕಣ್ಣ ಎಂದಿದ್ದು ಆಧಾರ್‌ನಲ್ಲಿ ಚಿಕ್ಕಣ್ಣಯ್ಯ ಎಂದಿದ್ದರೆ ತಿದ್ದುಪಡಿಗೆ ಇನ್ನೊಂದು ಸುತ್ತು. ಊರೊಳಗಿನ ಗ್ರಾಮಠಾಣಾ ಮನೆಯದೂ ಇದೇ ಕಥೆ. ಅಜ್ಜ ಕಟ್ಟಿದ ಮನೆಗೆ ಕಂದಾಯ ರಸೀದಿ ಬಿಟ್ಟರೆ ಬೇರೆ ಕಾಗದವಿಲ್ಲ. ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಬೇಕೆಂದರೆ ಮೊದಲು ಅಳತೆಯಾಗಿ ನಕ್ಷೆ ಬರಬೇಕು. ಬಡಾವಣೆ ಮಾಡುವ ಕಂಪನಿಗೆ ಈ ಗೋಳಿಲ್ಲ. ಅದರ ಬಳಿ ಭೂಪರಿವರ್ತನೆ ಆದೇಶವಿದೆ, ನಕ್ಷೆಯಿದೆ, ಓಡಾಡಲು ಸಂಬಳದ ಆಳುಗಳಿದ್ದಾರೆ. ಅಚ್ಚುಕಟ್ಟಾದ ಕಾಗದವಿದ್ದವರಿಗೆ ಹೊಂದುವಂತೆ ಮಾಡಿದ ತಂತ್ರಾಂಶ ಸಹಜವಾಗಿಯೇ ಅವರಿಗೆ ಮೊದಲು ಬಾಗಿಲು ತೆರೆಯುತ್ತದೆ.

ಈ ತಾಲ್ಲೂಕುಗಳಿರುವ ಜಿಲ್ಲೆಯಲ್ಲಿ ತಡವಾಗುವುದೆಂದರೆ ಹಣ ಕಳೆದುಕೊಳ್ಳುವುದು. ಬೆಂಗಳೂರು–ಮೈಸೂರು ದಶಪಥ ಬಂದಿದೆ. ಬಿಡದಿ ಉಪನಗರಕ್ಕಾಗಿ ಸಾವಿರಾರು ಎಕರೆ ಗುರುತಿಸಲಾಗಿದ್ದು, ಬೈರಮಂಗಲದ ಸುತ್ತ ರೈತರು ಹೋರಾಟಕ್ಕಿಳಿದಿದ್ದಾರೆ. 2025ರಲ್ಲಿ ರಾಮನಗರ ಎಂದಿದ್ದ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲಾಯಿತು. ಇಂಥ ಕಡೆ ಖಾತೆ ಸರಿಯಿಲ್ಲದವನು ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಬಂದ ಬೆಲೆಗೆ ಅಗ್ರಿಮೆಂಟ್ ಮಾಡಿಕೊಡುತ್ತಾನೆ. ದಾಖಲೆ ಸರಿಮಾಡಿಸಿಕೊಳ್ಳುವ ತಾಳ್ಮೆ, ಹಣ ಎರಡೂ ಇದ್ದವನು ಲಾಭ ಎತ್ತುತ್ತಾನೆ. 2007ರಲ್ಲೇ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ರಾಜ್ಯದ ಭೂಮಿ ಯೋಜನೆಯ ಬಗ್ಗೆ ಈ ಎಚ್ಚರಿಕೆ ಕೊಟ್ಟಿದ್ದರು: ದಾಖಲೆಗಳ ಗಣಕೀಕರಣದಿಂದ ಬೆಂಗಳೂರಿನ ಆಸುಪಾಸಿನಲ್ಲಿ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಗಿದೆ ಎಂಬುದು ಅವರ ಅಧ್ಯಯನದ ಸಾರ.

ಆದರೂ ಅದೇ ಭೂಮಿ ಯೋಜನೆಯಲ್ಲಿ ಕಲಿಯಬೇಕಾದ ಒಳ್ಳೆಯ ಪಾಠವೂ ಇದೆ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿಗೆ ಪಹಣಿ ಸಿಕ್ಕಿತು. ಕಿಯೋಸ್ಕ್‌ನಲ್ಲಿ ಎರಡನೇ ಪರದೆಯೊಂದನ್ನು ರೈತನತ್ತ ತಿರುಗಿಸಿ ಇಟ್ಟರು. ನೌಕರ ಏನು ಟೈಪ್ ಮಾಡುತ್ತಿದ್ದಾನೆ ಎಂಬುದು ಎದುರು ನಿಂತವನಿಗೂ ಕಾಣುತ್ತಿತ್ತು. ಮೊದಲು ಬಂದ ಮ್ಯುಟೇಷನ್ ಅರ್ಜಿಯನ್ನು ಮುಗಿಸದೆ ಮುಂದಿನದಕ್ಕೆ ಕೈಹಾಕದಂತೆ ತಂತ್ರಾಂಶದಲ್ಲೇ ಕಟ್ಟುಪಾಡು ಹಾಕಿದರು. ರೈತನ ಅಗತ್ಯವನ್ನು ಮುಂದಿಟ್ಟುಕೊಂಡು ತೆಗೆದುಕೊಂಡ ತೀರ್ಮಾನಗಳು ಇವು. ಎಡವಿದ್ದು ಬೇರೆ ಕಡೆ. ಕೈಬರಹದ ಪಹಣಿಯನ್ನು ರದ್ದು ಮಾಡಿದ ದಿನವೇ ಟೈಪಿಂಗ್ ತಪ್ಪುಗಳಿಗೂ ಕಾನೂನಿನ ಬಲ ಬಂದು, ಅವನ್ನು ಸರಿಪಡಿಸಿಕೊಳ್ಳುವ ಹೊರೆ ರೈತನ ಹೆಗಲೇರಿತು.

ಆವೃತ್ತಿ ಬದಲಾದಾಗ ಹಳೆಯ ಬಳಕೆದಾರರ ಗತಿಯೇನು ಎಂಬ ಪ್ರಶ್ನೆಯನ್ನು ಪ್ರೋಗ್ರಾಮಿಂಗ್ ಭಾಷೆಗಳನ್ನು ರೂಪಿಸುವವರು ಎಷ್ಟು ಗಂಭೀರವಾಗಿ ಎದುರಿಸುತ್ತಾರೆ ನೋಡಿ. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ ಪೈಥಾನ್ 2ನ್ನು 2015ಕ್ಕೆ ನಿಲ್ಲಿಸುವುದೆಂದು ಮೊದಲು ಗೊತ್ತುಮಾಡಿದ್ದರು; ಬಳಕೆದಾರರು ಇನ್ನೂ ಸಿದ್ಧರಾಗಿಲ್ಲವೆಂದು ತಿಳಿದು ಗಡುವನ್ನು 2020ಕ್ಕೆ ಮುಂದೂಡಿದರು. ಗೋ ಭಾಷೆ 2012ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯೊಂದಿಗೇ ಇಂದು ಬರೆದ ಪ್ರೋಗ್ರಾಂ ನಾಳೆಯೂ ನಡೆಯುತ್ತದೆಂಬ ಮಾತು ಕೊಟ್ಟಿತು. ರಸ್ಟ್ ಭಾಷೆಯಲ್ಲಿ ಹಳೆಯ ಆವೃತ್ತಿಯ ಬರಹವೂ ಹೊಸದೂ ಒಟ್ಟಿಗೆ ಕೆಲಸ ಮಾಡುತ್ತವೆ; ಬೇಕಾದವರು ಬೇಕಾದಾಗ ಬದಲಾಗುತ್ತಾರೆ. ನುರಿತ ಎಂಜಿನಿಯರ್‌ಗಳಿಗೇ ಹನ್ನೊಂದು ವರ್ಷ ಕಾಲಾವಕಾಶ ಕೊಡುವ ಲೋಕದಲ್ಲಿ, ಓಟಿಪಿ ಓದಲು ಮೊಮ್ಮಗನನ್ನು ಕರೆಯುವ ರೈತನಿಗೆ ಒಂದು ಸುತ್ತೋಲೆ, ಕೆಲವೇ ವಾರ ಸಾಕೆನ್ನುವುದು ಅನ್ಯಾಯ.

ಇಲ್ಲೂ ಹಾಗೆ ಕಾಗದದ ಹಳೆಯ ದಾರಿ ತೆರೆದಿಟ್ಟರೆ ವಂಚಕರೂ ಅದರಲ್ಲೇ ನುಗ್ಗುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಹಾಗಾದರೆ ಎಲ್ಲರಿಗೂ ತೆರೆಯಬೇಡಿ. ಹೊರಗಿನವರಿಗೆ ಮಾರುವ ಕ್ರಯಪತ್ರಕ್ಕೆ ಇ-ಖಾತಾ ಕಡ್ಡಾಯವಾಗಿಯೇ ಇರಲಿ. ಕುಟುಂಬದೊಳಗಿನ ವಿಭಾಗ, ದಾನಪತ್ರ, ಪೌತಿ ಖಾತೆಗೆ ಕಾಗದದ ದಾರಿಯೂ ಜೊತೆಗಿರಲಿ. ಅಲ್ಲಿ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಸಹಿಯನ್ನು ಗ್ರಾಮ ಆಡಳಿತಾಧಿಕಾರಿಯ ಎದುರು ಹಾಕಿಸಿ. ಇದರಿಂದ ಮನೆಮಂದಿಯ ಅಲೆದಾಟ ತಪ್ಪುತ್ತದೆ, ಮೋಸದ ವ್ಯವಹಾರಕ್ಕೂ ಕಡಿವಾಣ ಉಳಿಯುತ್ತದೆ.

ಕಂದಾಯ ಇಲಾಖೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗಳ ಮುಂದೆ ಇನ್ನೂ ಮೂರು ಬೇಡಿಕೆ ಇಡುತ್ತೇನೆ. ಹೊಸ ಆವೃತ್ತಿ ಕಡ್ಡಾಯವಾಗುವ ಮುನ್ನ ಕೈಲಾಂಚ, ವಿರುಪಾಕ್ಷಿಪುರ, ಉಯ್ಯಂಬಳ್ಳಿ, ತಿಪ್ಪಸಂದ್ರದಂಥ ಹೋಬಳಿಗಳಲ್ಲಿ ನಿಜವಾದ ಅರ್ಜಿಗಳ ಮೇಲೆ ಅದರ ಪರೀಕ್ಷೆ ನಡೆಯಲಿ. ಅಲ್ಲಿನ ಗ್ರಾಮ ಆಡಳಿತಾಧಿಕಾರಿಗಳು, ಪಂಚಾಯಿತಿ ಕಾರ್ಯದರ್ಶಿಗಳು ಒಪ್ಪುವವರೆಗೆ ಅದು ಹೊರಬರಬಾರದು. ಸರ್ವರ್ ಕೆಟ್ಟ ದಿನ ಬಂದವರಿಗೆ ಕಚೇರಿಯ ಮೊಹರಿನ ರಸೀದಿ ಕೊಡಲಿ. ಆ ದಿನದ ಸರದಿ ಅವರಿಗೇ ಉಳಿಯಲಿ. ಯಾವ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಯಾವ ಕಾರಣಕ್ಕೆ ನಿಂತಿದೆ ಎಂಬ ಪಟ್ಟಿ ಪ್ರತಿ ತಿಂಗಳೂ ನಾಡಕಚೇರಿಯ ಗೋಡೆಯ ಮೇಲೆ ಕಾಣಲಿ, ಮುಂದಿನ ಆವೃತ್ತಿಯ ಕೆಲಸ ಆ ಪಟ್ಟಿಯ ಮೊದಲ ಸಾಲಿನಿಂದಲೇ ಶುರುವಾಗಲಿ.

ಓದುಗರಿಗೂ ಒಂದು ಮಾತು. ತಂತ್ರಾಂಶ ತಾಂತ್ರಿಕರ ವಿಷಯವೆಂದು ಸುಮ್ಮನಿರಬೇಡಿ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು, ನಿಂತುಹೋದ ಖಾತೆಗಳ ಲೆಕ್ಕ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.