ತ್ಯಾಗ ಯಾರದು, ಬಲಿ ಯಾರದು?

ಸಂಸ್ಕೃತದ ‘ತ್ಯಾಗ’ ಹಳಗನ್ನಡದಲ್ಲಿ ‘ಚಾಗ’ವಾಯಿತು. ಚಾಗವೆಂದರೆ ಕೊಡುಗೈತನ, ಚಾಗಿಯೆಂದರೆ ದಾನಿ. ಚಾವುಂಡರಾಯನು ದಾನ ನೀಡುತ್ತಿದ್ದನೆಂದು ಐತಿಹ್ಯವಿರುವ ಎಡೆಯಲ್ಲಿ, ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ, ‘ತ್ಯಾಗದ ಕಂಬ’ ಇಂದಿಗೂ ನಿಂತಿದೆ. ಕೊಡುವವನು ತನ್ನದನ್ನೇ ಕೊಡಬೇಕು, ತಾನಾಗಿಯೇ ಕೊಡಬೇಕು. ಈ ಎರಡು ನಿಬಂಧನೆಗಳು ಆ ಪದದೊಳಗೇ ಇವೆ.

‘ಬಲಿ’ಯ ವ್ಯಾಕರಣ ಬೇರೆ. ‘ತ್ಯಾಗ ಮಾಡಿದಳು’ ಎಂಬಲ್ಲಿ ಕಳೆದುಕೊಂಡವಳೇ ಕರ್ತೃ. ‘ಬಲಿ ಕೊಟ್ಟರು’ ಎಂಬಲ್ಲಿ ಕೊಟ್ಟವರು ಕರ್ತೃ. ಪ್ರಾಣ ಕಳೆದುಕೊಂಡವಳು ಕೇವಲ ಕರ್ಮ.

ಈ ಭೇದವನ್ನು ಮರೆತಾಗ ಕಾವ್ಯದ ಓದೂ ದಾರಿ ತಪ್ಪುತ್ತದೆ. ‘ಗೋವಿನ ಹಾಡಿ’ನ ಪುಣ್ಯಕೋಟಿ ಕೊಟ್ಟ ಮಾತಿಗಾಗಿ ತಾನೇ ಹುಲಿಯ ಬಳಿಗೆ ಮರಳುತ್ತಾಳೆ, ಅವಳನ್ನು ಯಾರೂ ಎಳೆದು ತಂದಿಲ್ಲ. ಅದು ತ್ಯಾಗ. ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಹಾಗಲ್ಲ. ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಕಿರಿಯ ಸೊಸೆಯನ್ನು ಕೊಡುವುದೆಂದು ಮನೆಯವರು ನಿಶ್ಚಯಿಸಿದರು; ಗಂಡ ದಂಡಿನಲ್ಲಿದ್ದ. ಆದರೂ ಪರೀಕ್ಷೆಯ ಉತ್ತರಗಳಲ್ಲಿ ಇಬ್ಬರೂ ‘ತ್ಯಾಗದ ಪ್ರತೀಕ’ವೇ ಆಗುತ್ತಾರೆ.

ಭಾಗೀರಥಿ ಎಲ್ಲವನ್ನೂ ಅರಿತೇ ಕೆರೆಗೆ ಇಳಿದಳು, ಆದ್ದರಿಂದ ಅದೂ ತ್ಯಾಗವೆಂಬ ವಾದವುಂಟು. ಆದರೆ ಒಲ್ಲೆನೆನ್ನಲು ದಾರಿಯಿಲ್ಲದವಳ ಮೌನವನ್ನು ಒಪ್ಪಿಗೆಯೆಂದು ಎಣಿಸಲಾಗದು. ಹಾಡೂ ಅದನ್ನು ಒಪ್ಪಿದಂತಿಲ್ಲ: ಕೆರೆ ತುಂಬಿದಲ್ಲಿಗೆ ಅದು ಮುಗಿಯುವುದಿಲ್ಲ. ದಂಡಿನಿಂದ ಮರಳಿದ ಮಾದೇವರಾಯ ಅದೇ ನೀರಿಗೆ ಹಾರುತ್ತಾನೆ.

ಇದು ಹಾಡಿಗಷ್ಟೇ ಸೀಮಿತವಾದ ಮಾತಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ ಭೀಮೆಗೆ, ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಅನೇಕ ಊರುಗಳು ಮುಳುಗಿದವು. ಹೊಲಮನೆ ಬಿಟ್ಟು ಎದ್ದವರನ್ನು ‘ತ್ಯಾಗಿಗಳು’ ಎಂದು ಕೊಂಡಾಡುವುದು ಸುಲಭ. ಆದರೆ ತ್ಯಾಗಿಗೆ ಹೊಗಳಿಕೆ ಸಲ್ಲಿಸಿದರೆ ಸಾಕು. ಬಲಿಯಾದವರಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಪದವನ್ನು ಬದಲಿಸಿದೊಡನೆ ಋಣವೂ ಮರೆಯಾಗುತ್ತದೆ. ಮನೆಯೊಳಗೂ ಅಷ್ಟೆ: ತಮ್ಮನ ಓದಿಗೆಂದು ಶಾಲೆ ಬಿಡಿಸಲ್ಪಟ್ಟ ಅಕ್ಕನನ್ನು ‘ತ್ಯಾಗಮಯಿ’ ಎಂದುಬಿಟ್ಟರೆ, ಬಿಡಿಸಿದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ.

ಆದುದರಿಂದ ‘ತ್ಯಾಗ’ವೆಂಬ ಪದ ಎದುರಾದಾಗಲೆಲ್ಲ ಸಾಹಿತ್ಯದ ವಿದ್ಯಾರ್ಥಿಯು ಮೊದಲು ಕೇಳಬೇಕಾದುದು ವ್ಯಾಕರಣದ ಪ್ರಶ್ನೆ: ಇಲ್ಲಿ ಕರ್ತೃ ಯಾರು? ಕಳೆದುಕೊಂಡವರೇ ಕರ್ತೃವಾಗಿದ್ದರೆ ಆ ಪದ ಅವರಿಗೆ ಸಲ್ಲಲಿ. ಇಲ್ಲವಾದರೆ ‘ಬಲಿ’ ಎಂದೇ ಬರೆಯುವುದು ನ್ಯಾಯ.