ಹಾವಿನ ವಿಷವೂ ಭೂಮಾಲೀಕರ ಹೊಣೆಯೂ

ಮುಂಗಾರು ಮಳೆ ಬಿದ್ದು ಗುರುಗುಂಟಾ ಸೀಮೆಯ ಹೊಲಗಳಲ್ಲಿ ಸಜ್ಜೆ, ತೊಗರಿಗಳು ಮೊಳಕಾಲೆತ್ತರಕ್ಕೆ ಬೆಳೆದವೆಂದರೆ ಕಳೆ ತೆಗೆಯುವ ಆಳುಗಳಿಗೆ ಹಾವಿನ ಭಯವು ತಪ್ಪಿದ್ದಲ್ಲ. ಕಾಲುವೆಯ ನೀರುಣ್ಣುವ ಸಿಂಧನೂರು, ಮಸ್ಕಿಗಳ ಭತ್ತದ ಗದ್ದೆಗಳಲ್ಲಿಯೂ ಇದೇ ಸ್ಥಿತಿ. 2000 ರಿಂದ 2019 ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಮೃತರಾದರೆಂದು ಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಗರು. ಇದನ್ನು ದೈವಾಧೀನವೆಂದು ಸುಮ್ಮನಿರುವುದು ಊರ ಹಿರಿಯರಿಗೂ ಭೂಮಾಲೀಕರಿಗೂ ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ವಿಷವು ಕೆಲಸ ಮಾಡುವ ಬಗೆಯನ್ನು ತಿಳಿದರೆ ಈ ಮಾತಿನ ಸತ್ಯವು ಮನದಟ್ಟಾಗುವುದು.

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದಾದುದು. ಹೊಲಕ್ಕೆ ಬದುವಿದ್ದಂತೆ ಪ್ರತಿಯೊಂದು ಕೋಶಕ್ಕೂ ಒಂದು ತೆಳುವಾದ ಪೊರೆಯುಂಟು. ಫಾಸ್ಫೋಲಿಪಿಡ್ ಎಂಬ, ರಂಜಕವನ್ನೊಳಗೊಂಡ ಕೊಬ್ಬಿನ ಎರಡು ಪದರಗಳೇ ಈ ಪೊರೆಯ ಮುಖ್ಯ ದ್ರವ್ಯ. ಈ ಕೊಬ್ಬನ್ನು ಕತ್ತರಿಸುವ ಕಿಣ್ವಗಳಿಗೆ ಫಾಸ್ಫೋಲಿಪೇಸ್‌ಗಳೆಂದು ಹೆಸರು. ಇವು ಸ್ವಭಾವತಃ ವೈರಿಗಳಲ್ಲ. ಹಳೆಯ ಪೊರೆಯನ್ನು ಬಿಚ್ಚಿ ಹೊಸದಾಗಿಸುವುದು, ಕೋಶದೊಳಕ್ಕೆ ಸಂದೇಶ ಮುಟ್ಟಿಸುವುದು, ಉಂಡ ಕೊಬ್ಬನ್ನು ಕರುಳಿನಲ್ಲಿ ಜೀರ್ಣಿಸುವುದು ಇವುಗಳ ನಿತ್ಯಕಾರ್ಯ. ಆದರೆ ಶರೀರವು ಇವನ್ನು ಕಟ್ಟುನಿಟ್ಟಿನಲ್ಲಿಟ್ಟು, ಬೇಕಾದಲ್ಲಿ ಬೇಕಾದಷ್ಟೇ ದುಡಿಸುತ್ತದೆ.

ನಾಗರ, ಕೊಳಕುಮಂಡಲ, ಕಟ್ಟುಹಾವುಗಳ ವಿಷದಲ್ಲಿ ಇದೇ ಜಾತಿಯ ಕಿಣ್ವವು, ಅಂದರೆ ಫಾಸ್ಫೋಲಿಪೇಸ್ ಎ2, ಅಂಕೆಯಿಲ್ಲದೆ ಮೈಯನ್ನು ಹೊಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಟಿ. ವೀರಬಸಪ್ಪ ಗೌಡರೂ ಅವರ ಶಿಷ್ಯರೂ ಇಂಥ ಕಿಣ್ವಗಳನ್ನು ವಿಷದಿಂದ ಬೇರ್ಪಡಿಸಿ ಪರೀಕ್ಷಿಸಿದ್ದಾರೆ. ಕತ್ತರಿಸಿದ ಕೊಬ್ಬಿನ ಒಂದು ತುಂಡು ಸಾಬೂನಿನಂತೆ ವರ್ತಿಸಿ ರಕ್ತಕಣಗಳ ಪೊರೆಯನ್ನು ಕರಗಿಸಬಲ್ಲುದು; ಇನ್ನೊಂದರಿಂದ ಬಾವೂ ನೋವೂ ಹುಟ್ಟುವುವು. ಕಟ್ಟುಹಾವಿನ ವಿಷದಲ್ಲಿನ ಕಿಣ್ವವು ನರಗಳ ತುದಿಗಳನ್ನೇ ಕೆಡಿಸುವುದರಿಂದ ಉಸಿರಾಟವು ನಿಲ್ಲಬಹುದು. ಕೊಳಕುಮಂಡಲದ ವಿಷದಲ್ಲಿ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಹಾಳುಮಾಡುವ ಬೇರೆ ಕಿಣ್ವಗಳೂ ಉಂಟು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಕಿಣ್ವವು ಕುಡಗೋಲಿನಂತಹುದು, ಒಂದು ತೆನೆಯನ್ನು ಕೊಯ್ದಮಾತ್ರಕ್ಕೆ ಅದು ಸವೆದುಹೋಗದು, ಮುಂದಿನ ತೆನೆಗೆ ಸಾಗುವುದು. ಪ್ರತಿವಿಷದ ಮದ್ದು ಕುಡಗೋಲನ್ನು ಹಿಡಿದು ನಿಲ್ಲಿಸಬಲ್ಲುದೇ ಹೊರತು ಕೊಯ್ದ ತೆನೆಯನ್ನು ಮರಳಿ ದಂಟಿಗೆ ಹಚ್ಚಲಾರದು. ಆದಕಾರಣ ಕಳೆದ ಪ್ರತಿ ಗಳಿಗೆಯೂ ನಷ್ಟವೇ.

ಮಂತ್ರದಿಂದ ಗುಣವಾದವರನ್ನು ಕಂಡಿದ್ದೇವೆಂದು ಕೆಲವರು ಹೇಳುವರು. ವಿಷವಿಲ್ಲದ ಹಾವುಗಳೇ ಬಹಳ. ವಿಷದ ಹಾವು ಸಹ ಕೆಲವೊಮ್ಮೆ ವಿಷ ಬಿಡದೆ ಕಚ್ಚುವುದುಂಟು. ಅಂಥವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ಹಿರಿಯರ ನಂಬಿಕೆಯನ್ನು ನಾವು ಹಳಿಯುವುದಿಲ್ಲ. ಆದರೆ ಪೂಜೆ, ಹರಕೆಗಳು ಆಸ್ಪತ್ರೆಯಿಂದ ಮರಳಿದ ಮೇಲೆ ಆಗಲಿ.

ಕರ್ನಾಟಕ ಸರ್ಕಾರವು 2024 ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ರೋಗವನ್ನಾಗಿ ಮಾಡಿದೆ. ಪ್ರಕರಣಗಳನ್ನು ವರದಿಮಾಡುವುದು ಆಸ್ಪತ್ರೆಗಳ ಕರ್ತವ್ಯವಾಯಿತು. ಆದರೆ ಹೊಲದಿಂದ ಆಸ್ಪತ್ರೆಯವರೆಗಿನ ದಾರಿಯ ಹೊಣೆ ಊರಿನದೇ. ಸಮೀಪದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷದ ಮದ್ದು ದೊರೆಯುವುದೆಂದು ಊರ ಪ್ರಮುಖರು ಮೊದಲೇ ವಿಚಾರಿಸಿಡತಕ್ಕದ್ದು; ರಾತ್ರಿ ಯಾರ ವಾಹನ ಹೊರಡಬೇಕೆಂಬುದನ್ನೂ ಗೊತ್ತುಮಾಡತಕ್ಕದ್ದು. ಕಡಿತವಾದ ಮೇಲೆ ಗಾಯವನ್ನು ಕೊಯ್ಯುವುದಾಗಲಿ, ಚೀಪುವುದಾಗಲಿ, ಹಗ್ಗದಿಂದ ಬಿಗಿಯುವುದಾಗಲಿ ಕೂಡದು. ಕಚ್ಚಿದ ಅಂಗವು ಅಲುಗಾಡದಂತೆ ಪಟ್ಟಿಗೆಯಿಟ್ಟು, ರೋಗಿಯನ್ನು ನಡೆಸದೆ ಒಯ್ಯಬೇಕು. ಕಟ್ಟುಹಾವಿನ ಕಡಿತದಲ್ಲಿ ನೋವೂ ಗುರುತೂ ಕಾಣದಿರಬಹುದು. ನೆಲದ ಮೇಲೆ ಮಲಗಿದ್ದವನು ನಸುಕಿನಲ್ಲಿ ಹೊಟ್ಟೆನೋವೆಂದು, ರೆಪ್ಪೆ ಎತ್ತಲಾಗದೆಂದು ಹೇಳಿದರೆ ಕೂಡಲೇ ಎಚ್ಚರಗೊಳ್ಳಬೇಕು.

ಆಳುಗಳಿಗೆ ಮೊಳಕಾಲುದ್ದದ ಬೂಟು, ಬ್ಯಾಟರಿ ದೀಪ, ಹೊಲ ಕಾಯುವವನಿಗೆ ಮಂಚವೂ ಸೊಳ್ಳೆಪರದೆಯೂ, ಇವುಗಳ ಖರ್ಚು ಬಹಳ ಹೆಚ್ಚಲ್ಲ. ಬೀಜಕ್ಕೂ ಗೊಬ್ಬರಕ್ಕೂ ಲೆಕ್ಕವಿಡುವ ಭೂಮಾಲೀಕರು ಈ ಖರ್ಚನ್ನೂ ಬೇಸಾಯದ ಲೆಕ್ಕದಲ್ಲಿಯೇ ಬರೆಯುವರೆಂದು ಆಶಿಸುತ್ತೇವೆ. ಬೆಳೆ ಹೋದರೆ ಮುಂದಿನ ವರ್ಷ ಬಂದೀತು. ಬೆಳೆದ ಕೈಯೇ ಹೋದರೆ ಬಾರದು.