ಮಳೆಗಾಲದ ಗಾಡಿಯೂ ಮೇಲ್ಮೆರುಗಿನ ಬೆಲೆಯೂ

ಮೃಗಶಿರಾ ಮಳೆ ಹಿಡಿದು ಕೆಲವು ವಾರಗಳು ಕಳೆಯುವುದರೊಳಗಾಗಿ ಪುಣೆಯ ಬೀದಿಗಳಲ್ಲಿ ಒಂದು ನೋಟ ಕಣ್ಣಿಗೆ ಬೀಳುವುದು. ಎರಡು, ಎರಡೂವರೆ ಲಕ್ಷ ರೂಪಾಯಿ ತೆತ್ತು ಕೊಂಡ ಮೋಟಾರು ಸೈಕಲುಗಳ ಸೈಲೆನ್ಸರಿನ ಬೆಸುಗೆಯ ಬಳಿ, ಚಕ್ರದ ಕಡ್ಡಿಗಳ ಬುಡದಲ್ಲಿ, ಸಣ್ಣಪುಟ್ಟ ತಿರುಪುಗಳ ತಲೆಯ ಮೇಲೆ ಕೆಂಬಣ್ಣದ ಹುಡಿ ಮೂಡಿರುತ್ತದೆ. ಗಾಡಿಗೆ ವರುಷ ತುಂಬಿರುವುದಿಲ್ಲ. ಸಾಲದ ಕಂತುಗಳಲ್ಲಿ ಮುಕ್ಕಾಲು ಪಾಲು ಇನ್ನೂ ಬಾಕಿ. ಇದು ಹುಡುಗರ ಶೋಕಿಯ ಮಾತೆಂದು ಹಿರಿಯ ವಾಚಕರು ಪುಟ ಮಗುಚಬಾರದೆಂದು ವಿನಂತಿ. ನಮ್ಮ ಹೋಟೆಲುಗಳ ತರುಣರೂ ಕಚೇರಿಗಳ ಗುಮಾಸ್ತರೂ ಊರಿನ ಮನೆಯ ಖರ್ಚನ್ನು ಬಿಟ್ಟರೆ ಮಾಡುವ ಅತಿ ದೊಡ್ಡ ಖರೀದಿ ಇದೇ ಆಗಿರುವುದರಿಂದ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಕುಂದಾಪುರದ ಕಡೆಯ ತರುಣರೊಬ್ಬರು ಈಚೆಗೆ ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಇಲ್ಲಿಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವರು. ಗಾಡಿ ಕೊಂಡು ಒಂದೇ ಮಳೆಗಾಲ ಕಳೆದಿತ್ತು. ತುಕ್ಕನ್ನು ತೋರಿಸಲು ಅಂಗಡಿಗೆ ಹೋದರೆ ವಾರಂಟಿ ಪತ್ರದ ಸಣ್ಣ ಅಕ್ಷರದ ಸಾಲೊಂದನ್ನು ಬೆರಳಿಟ್ಟು ತೋರಿಸಿ ಕಳುಹಿಸಿದರಂತೆ. “ಎಂಜಿನಿಗೆ ಜವಾಬು ಕೊಡುತ್ತಾರಂತೆ, ಮೈಗೆ ಕೊಡುವುದಿಲ್ಲವಂತೆ, ಸ್ವಾಮೀ” ಎಂದರು. ಅಂಗಡಿಯ ಹೆಸರು ಇಲ್ಲಿ ಮುಖ್ಯವಲ್ಲ. ತುಕ್ಕು, ಬಣ್ಣ, ಮುಲಾಮುಗಳನ್ನು ಭರವಸೆಯಿಂದ ಹೊರಗಿಡುವ ಸಾಲು ಹೆಚ್ಚಿನ ವಾರಂಟಿ ಪತ್ರಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಹಣ ಎಣಿಸಿ ಕೊಡುವ ಮುಂಚೆ ಓದುವವರು ಎಷ್ಟು ಮಂದಿ?

ಮೆರುಗು ಎಂದರೇನೆಂಬುದನ್ನು ನಮ್ಮ ವೃತ್ತಿಯವರಿಗೆ ವಿವರಿಸಬೇಕಾಗಿಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ತವರವನ್ನು ಉಳಿಸಿ ತೆಳ್ಳಗೆ ಸವರಿ ಹೋದರೆ ಆ ದಿನ ಪಾತ್ರೆ ಬೆಳ್ಳಿಯಂತೆಯೇ ಕಾಣುವುದು. ನಾಲ್ಕು ದಿನ ಹುಳಿ ಕುದಿಸಿದ ಬಳಿಕ ಅವನ ಕೈಚಳಕ ಬಯಲಾಗುವುದು. ಮೋಟಾರು ಸೈಕಲಿನ ಕ್ರೋಮಿನ ಕಥೆಯೂ ಇದೇ. ಕಣ್ಣಿಗೆ ಹೊಳೆಯುವ ಕ್ರೋಮಿನ ಪದರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ರಂಧ್ರಗಳೂ ಇರುತ್ತವೆ. ಕಬ್ಬಿಣವನ್ನು ಕಾಯುವುದು ಅದರ ಕೆಳಗಿರುವ ನಿಕಲ್ಲಿನ ಪದರ. ಅದನ್ನು ದಪ್ಪಗೆ, ಸಾಧ್ಯವಾದರೆ ಎರಡು ಬಗೆಯ ನಿಕಲ್ಲನ್ನು ಒಂದರ ಮೇಲೊಂದಾಗಿ, ಕೊಟ್ಟರೆ ಮಳೆಯಲ್ಲಿ ಬಹುಕಾಲ ಬಾಳುವುದು. ತೆಳ್ಳಗೆ ಕೊಟ್ಟರೂ ಅಂಗಡಿಯ ದೀಪದ ಕೆಳಗೆ ಎರಡಕ್ಕೂ ವ್ಯತ್ಯಾಸ ಕಾಣದು. ಉಳಿತಾಯ ನಡೆಯುವುದು ಕಾಣದ ಈ ಜಾಗದಲ್ಲಿಯೇ ಎಂಬುದು ನಮ್ಮ ದೂರು.

ಬಣ್ಣದ ಭಾಗಗಳದ್ದೂ ಹೀಗೆಯೇ. ತಗಡನ್ನು ಫಾಸ್ಫೇಟಿನಲ್ಲಿ ಅದ್ದಿ, ವಿದ್ಯುತ್ತಿನ ಬಲದಿಂದ ಅಡಿಬಣ್ಣವನ್ನು ಸಂದಿಗೊಂದಿಗಳಿಗೂ ಕೂರಿಸಿ, ಮೇಲೆ ಬಣ್ಣವನ್ನೂ ಪಾರದರ್ಶಕ ವಾರ್ನಿಶನ್ನೂ ಕೊಡುವ ಕ್ರಮವಿದೆ. ಪೆಟ್ರೋಲಿನ ಟ್ಯಾಂಕಿಗೆ ಈ ಮರ್ಯಾದೆಯೆಲ್ಲ ಸಲ್ಲುವುದು. ಸ್ಟ್ಯಾಂಡಿಗೆ, ಕೆಳಗಿನ ಚೌಕಟ್ಟಿಗೆ, ತಿರುಪುಗಳಿಗೆ ಅಷ್ಟು ಸಲ್ಲದು. ಆದರೆ ಪುಣೆಯ ರಸ್ತೆಯ ಜಲ್ಲಿಕಲ್ಲು ಸಿಡಿಯುವುದು ಟ್ಯಾಂಕಿಗಲ್ಲ, ಕೆಳಗಿನ ಚೌಕಟ್ಟಿಗೆ. ಒಮ್ಮೆ ಬಣ್ಣ ಸಿಡಿದು ಹೋದರೆ ನೀರು ಅದರ ಅಡಿಯಲ್ಲಿಯೇ ತೆವಳಿಕೊಂಡು ಹೋಗುವುದು. ಮೇಲೆ ನೋಡಿದರೆ ಬಣ್ಣ ಭದ್ರವಾಗಿದೆ, ಒಳಗೆ ಕಬ್ಬಿಣ ಹುಡಿಯಾಗುತ್ತಿದೆ.

ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಮುಂಗಾಲಿನ ಉಕ್ಕಿನ ಕೊಳವೆಗಳಲ್ಲಿ ತುಕ್ಕಿನ ಗುಳಿ ಬಿದ್ದರೆ ಅದು ಎಣ್ಣೆ ತಡೆಯುವ ರಬ್ಬರಿನ ಸೀಲನ್ನು ಕೊಯ್ದುಹಾಕುವುದು. ಸೋರಿದ ಎಣ್ಣೆ ಬ್ರೇಕಿನ ಮೇಲೆ ಇಳಿಯಬಹುದು. ಅಲ್ಯೂಮಿನಿಯಮ್ಮಿನ ಎಂಜಿನಿನೊಳಗೆ ಉಕ್ಕಿನ ತಿರುಪನ್ನು ಕೂರಿಸಿ ಮೇಲೆ ಉಪ್ಪುನೀರು ಎರೆದರೆ ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ನಡೆಯುವ ಕ್ರಿಯೆಯೇ ನಡೆಯುವುದು. ಅಲ್ಯೂಮಿನಿಯಮ್ಮು ಬಿಳಿಯ ಹುಡಿಯಾಗಿ ತಿರುಪು ಕಚ್ಚಿಕೊಳ್ಳುವುದು. ಮೆಕ್ಯಾನಿಕನು ಅದನ್ನು ಮುರಿದ ದಿನ ಬರುವ ಬಿಲ್ಲನ್ನು ಗಾಡಿಯ ಧಣಿಯೇ ತೆರಬೇಕು.

ಉಪ್ಪುನೀರು ಪುಣೆಗೆ ಎಲ್ಲಿಂದ ಬಂತೆಂದು ಕೇಳಬಹುದು. ಈ ನಗರದಲ್ಲಿ ವರುಷಕ್ಕೆ ಬೀಳುವುದು ಸುಮಾರು 750 ಮಿಲಿಮೀಟರು ಮಳೆ. ನಮ್ಮ ಉಡುಪಿಯ ಕಡೆ ಅದರ ಐದು ಪಾಲಿಗೂ ಮೇಲೆ. ಚೌತಿಗೆ ಊರಿಗೆ ಹೊರಡುವ ನಮ್ಮ ತರುಣರಲ್ಲಿ ರೈಲನ್ನೂ ಬಸ್ಸನ್ನೂ ಬಿಟ್ಟು ಗಾಡಿಯ ಮೇಲೆಯೇ ಘಟ್ಟವಿಳಿಯುವವರು ಹೆಚ್ಚುತ್ತಿದ್ದಾರೆ. ಕಾರವಾರದಿಂದ ಕೆಳಗೆ ಕಡಲ ಗಾಳಿಯೇ ಜೊತೆಗಾರ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಅಲ್ಲಿ ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳದವರಿಲ್ಲ. ತೆರೆಯ ಉಪ್ಪಿನ ಹನಿ ಗಾಡಿಯ ಮೈಗೆ ಅಂಟಿಕೊಂಡು ಪುಣೆಯ ತನಕ ಬರುವುದು ಚಿತ್ರದಲ್ಲಿ ಕಾಣುವುದಿಲ್ಲವಷ್ಟೆ.

“ಮಳೆಯೇ ಹಾಗೆ, ಕಬ್ಬಿಣ ತುಕ್ಕು ಹಿಡಿಯದೆ ಇದ್ದೀತೆ?” ಎಂಬುದು ಮಾರುವವರ ಸಿದ್ಧ ಉತ್ತರ. ಕೊಲ್ಲೂರಿಗೆ ಹೋದವರಲ್ಲಿ ಕೊಡಚಾದ್ರಿಯನ್ನು ಏರಿದವರು ಆದಿ ಮೂಕಾಂಬಿಕೆಯ ಗುಡಿಯ ಮುಂದಿನ ಕಬ್ಬಿಣದ ಕಂಬವನ್ನು ನೋಡಿರುವರು. ಪಶ್ಚಿಮಘಟ್ಟದ ಆ ಮಳೆಯಲ್ಲಿ ಅದು ಕರಗಿ ಹೋಗದೆ ನಿಂತಿದೆ. ಲೋಹಶಾಸ್ತ್ರಜ್ಞರು ಅದನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ದಿಲ್ಲಿಯ ಕಂಬಕ್ಕೆ ಸುಮಾರು 1600 ವರುಷ. ಅದರ ಕಬ್ಬಿಣದಲ್ಲಿರುವ ರಂಜಕದ ಅಂಶ ಮೈಮೇಲೆ ರಕ್ಷಕವಾದ ಪೊರೆಯನ್ನು ಕಟ್ಟಿದೆಯೆಂದು ಅವರ ವಿವರಣೆ. ಮೋಟಾರು ಸೈಕಲನ್ನು ದೇವಸ್ಥಾನದ ಕಂಬದಂತೆ ಮಾಡಿರೆಂದು ನಾವು ಹೇಳುತ್ತಿಲ್ಲ. ಕಬ್ಬಿಣದ ಬಾಳು ಮಳೆಯೊಂದರ ಕೈಯಲ್ಲಿಲ್ಲ, ಮಾಡಿದವನ ಕೈಯಲ್ಲಿಯೂ ಇದೆ ಎಂದಷ್ಟೇ ಹೇಳುತ್ತಿದ್ದೇವೆ.

ಹಳೆಯ ಕಾಲದ ಗಾಡಿಗಳನ್ನು ಹೊಗಳಿ ಈ ಕಾಲದವನ್ನು ತೆಗಳುವ ಚಾಳಿಯೂ ನಮಗೆ ಒಪ್ಪಿಗೆಯಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರಖಾನೆ 1961ರಿಂದ 1996ರ ವರೆಗೆ ನಡೆಯಿತು. ಅದರ ಗಾಡಿಗಳನ್ನು ಇಂದಿಗೂ ಸಾಕುವವರಿದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ, ಸರಿಯಾಗಿ ಮಳೆಗಾಲದಲ್ಲಿಯೇ, ಅವುಗಳ ಹಬ್ಬ ಮಾಡುವರು. ಆದರೆ ಇಂದು ಮೆರೆಯುವ ಟ್ಯಾಂಕುಗಳಲ್ಲಿ ಮರಳಿ ಮುಲಾಮು ಕಂಡವು ಎಷ್ಟೋ! ಉಳಿದವು ಉಳಿದುದು ಒಡೆಯರ ಅರಿವೆಯ ಬಲದಿಂದ; ತುಕ್ಕು ತಿಂದವು ಗುಜರಿಗೆ ಹೋದವು, ಅವುಗಳ ಹಬ್ಬವನ್ನು ಯಾರೂ ಮಾಡುವುದಿಲ್ಲ.

ಹಾಗಾದರೆ ನಮ್ಮ ಬೇಡಿಕೆಯೇನು? ಪುಣೆ ಗಾಡಿಗಳನ್ನು ಓಡಿಸುವ ಊರು ಮಾತ್ರವಲ್ಲ, ಮಾಡುವ ಊರು. ಚಾಕಣದಲ್ಲಿ ಆಸ್ಟ್ರಿಯದ, ಇಂಗ್ಲೆಂಡಿನ ಹೆಸರು ಹೊತ್ತ ಗಾಡಿಗಳು ಕೂಡ ತಯಾರಾಗುತ್ತವೆ. 1966ರಲ್ಲಿ ಸ್ಥಾಪಿತವಾದ ವಾಹನ ಸಂಶೋಧನ ಸಂಸ್ಥೆಯೂ ಈ ನಗರದಲ್ಲಿಯೇ ಇದೆ. ನೂರಕ್ಕೆ ಐದು ಪಾಲು ಉಪ್ಪಿನ ನೀರನ್ನು 35 ಡಿಗ್ರಿ ಶಾಖದಲ್ಲಿ ಮಂಜಾಗಿಸಿ, ಬಿಡಿಭಾಗಗಳನ್ನು ಅದರೊಳಗಿಟ್ಟು, ಎಷ್ಟು ಗಂಟೆಗೆ ತುಕ್ಕು ಮೂಡುವುದೆಂದು ನೋಡುವ ಪರೀಕ್ಷೆ ಲೋಕಮಾನ್ಯವಾದುದು. ತಯಾರಕರಿಗೆ ಆ ಗಂಟೆಗಳ ಲೆಕ್ಕ ಗೊತ್ತು. ಕೊಳ್ಳುವವನಿಗೆ ಕೊಡುವ ಪುಸ್ತಕದಲ್ಲಿ ಕುದುರೆಬಲವಿದೆ, ವೇಗವಿದೆ, ಮೈಲೇಜಿದೆ. ಈ ಗಂಟೆಗಳು ಮಾತ್ರ ಇಲ್ಲ. ಸರಕಾರವೂ 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗೆ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಿ, ಅದಕ್ಕೆ ಮೇಲ್ಪಟ್ಟವಕ್ಕೆ 40 ವಿಧಿಸಿತು. ಸಿಲಿಂಡರನ್ನು ಎಲ್ಲರೂ ಅಳೆಯುವರು, ಲೇಪವನ್ನು ಅಳೆದು ಹೇಳುವವರಿಲ್ಲ. ಯುರೋಪಿನಲ್ಲಿ ಅನೇಕ ಕಾರುಗಳ ತಯಾರಕರು ಮೈತಗಡು ತುಕ್ಕಿನಿಂದ ತೂತಾಗದೆಂದು 12 ವರುಷಗಳ ತನಕ ಬರೆದುಕೊಡುತ್ತಾರೆ. ದುಬಾರಿ ಮೋಟಾರು ಸೈಕಲಿಗೆ ಸಾಲದ ಅವಧಿಯಾದ ಮೂರು ವರುಷಗಳಿಗಾದರೂ ಬರೆದುಕೊಡುವುದು ಅಸಾಧ್ಯವೆಂದರೆ ನಾವು ನಂಬುವುದಿಲ್ಲ.

ಅಲ್ಲಿಯ ತನಕ ಮಾಡಬೇಕಾದುದು ನಮ್ಮ ಕೈಯಲ್ಲಿದೆ. ಹೋಟೆಲಿನ ಅಭ್ಯಾಸಬಲದಿಂದ ಹುಣಿಸೆಹಣ್ಣು, ನಿಂಬೆಸಿಪ್ಪೆ, ಪಾತ್ರೆ ತಿಕ್ಕುವ ತಂತಿಜುಂಗು, ಸೋಡಾ ಇವುಗಳಿಂದ ಗಾಡಿಯನ್ನು ತಿಕ್ಕುವವರನ್ನು ಕಂಡಿದ್ದೇವೆ; ಹಿತ್ತಾಳೆಗೆ ಅಮೃತವಾದುದು ಕ್ರೋಮಿಗೂ ಅಲ್ಯೂಮಿನಿಯಮ್ಮಿಗೂ ವಿಷ. ಕೋಣೆಯ ಹೊರಗೆ ನಿಲ್ಲಿಸಿದ ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಿದರೆ ಹಬೆ ಒಳಗೇ ನಿಂತು ಇಡ್ಲಿಯ ಅಟ್ಟದಂತಾಗುವುದು. ಅದಕ್ಕಿಂತ ತೆರೆದ ಗಾಳಿ ಮೇಲು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹಬೆಯಾಗಿ ಹೊರಬೀಳುವುದು. ಕೋಣೆಯಿಂದ ಹೋಟೆಲಿಗೆ ಎರಡು ಫರ್ಲಾಂಗು ಮಾತ್ರ ಓಡಿಸಿದರೆ ಅದು ಸೈಲೆನ್ಸರಿನೊಳಗೇ ನಿಂತು ಒಳಗಿನಿಂದ ಕೊರೆಯುವುದು. ಅಷ್ಟು ದೂರಕ್ಕೆ ನಡೆದು ಹೋಗುವುದೇ ಲೇಸು. ಕಡಲ ಬದಿಯಿಂದ ಬಂದ ದಿನವೇ ಸಿಹಿನೀರಿನಿಂದ ತೊಳೆದು, ಒರೆಸಿ, ಚೈನಿಗೂ ತಿರುಪುಗಳಿಗೂ ಎಣ್ಣೆ ಮುಟ್ಟಿಸಬೇಕು. ದೋಸೆಯ ಕಾವಲಿಯನ್ನು ಯಾರೂ ಒದ್ದೆಯಾಗಿ ಬಿಟ್ಟು ಮಲಗುವುದಿಲ್ಲವಷ್ಟೆ.

ಇಷ್ಟು ಜೋಪಾನ ಮಾಡಿದರೂ ಮೊದಲ ವರುಷದಲ್ಲಿಯೇ ತುಕ್ಕು ಕಂಡರೆ ದಿನಾಂಕ ಸಹಿತ ಚಿತ್ರ ತೆಗೆದು, ಅಂಗಡಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ರಶೀದಿ ಪಡೆಯಬೇಕು. 2019ರ ಗ್ರಾಹಕ ಸಂರಕ್ಷಣ ಕಾಯಿದೆಯ ಮೇರೆಗೆ ಗಾಡಿಯನ್ನು ಎಲ್ಲಿ ಕೊಂಡಿದ್ದರೂ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರುಷದೊಳಗೆ ದೂರು ಹೂಡಬಹುದು. ವಕೀಲರು ಬೇಕೇ ಬೇಕೆಂದಿಲ್ಲ. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಹೊಸ ಗಾಡಿಗೆ ಮುಂಗಡ ಕೊಡಲು ಹೊರಟವರು ತುಕ್ಕಿನ ಮಾತನ್ನು ಮೊದಲೇ ಎತ್ತಿ, ಬರೆದುಕೊಡುವಿರಾ ಎಂದು ಕೇಳಲಿ. ಬರೆದುಕೊಟ್ಟ ಅಂಗಡಿ ಪುಣೆಯಲ್ಲಿ ಒಂದಾದರೂ ಇದ್ದರೆ ವಾಚಕರು ಅದರ ವಿಳಾಸವನ್ನು ನಮಗೆ ತಿಳಿಸಬೇಕು; ಜಾಹೀರಾತಿನ ದರ ಕೇಳದೆ ಈ ಪುಟದಲ್ಲಿಯೇ ಅಚ್ಚು ಹಾಕುವೆವು.